ದ್ರಾಕ್ಷಿಗೆ ಮಾತ್ರ ನೆರಳು

"ಬಿಸಿಲಂತೆ ಬಿಸಿಲು. ನಿಮ್ಮ ಚರ್ಮ ನೋಡ್ಕಳ್ರೋ, ಹುಟ್ತಾನೇ ಸುಟ್ಕಂಡು ಬಂದೋರು ನೀವು. ಇನ್ನೇನ್ ಉಳ್ದದೆ ಅಂತ ಸುಡ್ತದೆ ಅದು?"

ಮೇಸ್ತ್ರಿ ಬ್ರೀಸ್ ನೀರಿನ ಕ್ಯಾನಿನ ಮೇಲೆ ಬೂಟುಗಾಲು ಇಟ್ಟುಕೊಂಡೇ ಈ ಮಾತು ಆಡಿದ. ನನ್ನ ತಮ್ಮ ಕೇಳಿದ್ದು ಒಂದು ಲೋಟ ನೀರು, ಅದನ್ನು ಟ್ರಾಕ್ಟರಿನ ನೆರಳಲ್ಲಿ ಕೂತು ಕುಡಿಯುವಷ್ಟು ಬಿಡುವು. ಸಾಲು ಮುಗಿಯದೆ ನೀರಿಲ್ಲ ಎನ್ನುವುದು ಬ್ರೀಸ್ ಮಾಡಿದ ಕಾನೂನು. ನೆರಳಂತೂ ಮನುಷ್ಯರಿಗೆಂದು ಇರಲೇ ಇಲ್ಲ. ಕೊಯ್ದ ದ್ರಾಕ್ಷಿಯ ಕ್ರೇಟುಗಳ ಮೇಲೆ ಬಿಳಿಯ ದಪ್ಪ ಬಟ್ಟೆ ಹೊದಿಸಿದ್ದರು. ಹಣ್ಣು ಬಿಸಿಯಾದರೆ ಅದರಿಂದ ಮಾಡುವ ಶಾಂಪೇನ್ ವೈನಿನ ರುಚಿ ಕೆಡುತ್ತದಂತೆ.

ನಮ್ಮ ಕೆಲಸ ಮಂಡಿಯೂರಿ ಮಾಡುವಂಥದ್ದು. ಈ ಶಾಂಪೇನ್ ಸೀಮೆಯಲ್ಲಿ ಗೊಂಚಲು ತೂಗುವುದೇ ಮೊಣಕಾಲ ಮಟ್ಟದಲ್ಲಿ. ನೆಲ ಸುಣ್ಣದ ಹಾಗೆ ಬೆಳ್ಳಗಿರುತ್ತದೆ, ಮೇಲಿನಿಂದ ಬಿದ್ದ ಬಿಸಿಲನ್ನು ತಿರುಗಿಸಿ ಮುಖಕ್ಕೇ ಎಸೆಯುತ್ತದೆ. ಒಂದು ಸಾಲಿಗೆ ಇಬ್ಬರು, ಬಳ್ಳಿಯ ಆಚೆಗೊಬ್ಬರು ಈಚೆಗೊಬ್ಬರು. ಎದುರಿನವರ ಮುಖ ಕಾಣುವುದಿಲ್ಲ. ಎಲೆಯ ಸಂದಿಯಲ್ಲಿ ಎರಡು ಕೈ ಕಾಣುತ್ತವೆ, ಕತ್ತರಿಯ ಸದ್ದು ಕೇಳುತ್ತದೆ. ನನ್ನ ತಮ್ಮ ಕತ್ತರಿ ಹಿಡಿದಾಗಿನಿಂದ ನಾನು ಅವನ ಎದುರೇ ಕೊಯ್ದವಳು.

ಅವನ ಹೆಸರು ನಾನಿನ್ನೂ ಹೇಳಿಲ್ಲ. ನಾವು ಮನೂಶರು, ಗಾಡಿಯಲ್ಲೇ ಮನೆ ಮಾಡಿಕೊಂಡು ಊರೂರು ತಿರುಗುವ ಜನ. ತೀರಿಕೊಂಡವರ ಹೆಸರನ್ನು ನಾವು ಎತ್ತುವುದಿಲ್ಲ, ಅವರ ಸುದ್ದಿಯನ್ನೂ ಆಡುವುದಿಲ್ಲ. ಸತ್ತವರು ಬಿಟ್ಟುಹೋದ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಅವರ ಮನೆಗಾಡಿಯನ್ನು ಸುಟ್ಟುಬಿಡುತ್ತೇವೆ. ಅವರನ್ನು ನೆಮ್ಮದಿಯಾಗಿ ಬಿಡುವ ದಾರಿ ನಮಗೆ ಗೊತ್ತಿರುವುದು ಇದೊಂದೇ.

ಬ್ರೀಸ್ ಬೈಯುತ್ತಿರುವಾಗಲೇ ಧಣಿ ಎತ್ಯೆನ್ ಬಂದ. ತೋಟ ಅವನ ಅಪ್ಪನದು, ಅಜ್ಜನದು. ನಾವೂ ಅಪ್ಪ ಅಜ್ಜಂದಿರ ಕಾಲದಿಂದ ಪ್ರತಿ ಕೊಯ್ಲಿಗೆ ಇಲ್ಲಿಗೇ ಬರುವವರು. ಏನು ಗಲಾಟೆ ಎಂದು ಕೇಳಿದ. ನನ್ನ ತಮ್ಮ ಬಿಸಿಲಿನ ಮಾತೆತ್ತಿದ್ದಕ್ಕೆ ನಕ್ಕು ನನ್ನ ಕಡೆ ತಿರುಗಿದ.

"ಫೀಲೋ, ನೀನೂ ನಾನೂ ಒಂದೇ ವಾರಿಗೆ. ಟೋಪಿ ಇಲ್ದೆ ಇದೇ ಸಾಲಲ್ಲಿ ಓಡಾಡಿ ಬೆಳ್ದಿಲ್ವೇನಮ್ಮ? ಬಿಸಿಲು ಅದೇ ಇರೋದು. ನೀವು ಮೆತ್ತಗಾಗಿದೀರಿ ಅಷ್ಟೇ."

ಉತ್ತರ ಕೊಟ್ಟದ್ದು ನನ್ನ ತಮ್ಮ.

"ಅದೇ ಬಿಸಿಲಾದ್ರೆ ಕೊಯ್ಲು ಯಾಕ್ ಧಣಿ ಆಗಸ್ಟಿಗೆ ತಂದ್ರಿ? ನಿಮ್ಮಪ್ಪಾವ್ರು ಚಳಿ ಬಿದ್ ಮೇಲಲ್ವಾ ಕೊಯ್ಸ್ತಿದ್ದಿದ್ದು?"

"ಹಣ್ಣಾಯ್ತು, ಕೊಯ್ತೀವಿ."

"ಹಣ್ಣಿಗೆ ಗೊತ್ತಾಗಿರೋದು ನಿಮ್ಗೆ ಗೊತ್ತಾಗಿಲ್ವಾ ಹಂಗಾರೆ?"

ಆಚೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಧಣಿಯ ಮುಖದ ನಗು ಹಾಗೇ ಇತ್ತು, ಕಣ್ಣಿನದು ಮಾತ್ರ ಆರಿಹೋಯಿತು. ಸೆಕೆ ತಡೆಯೋಕಾಗದಿದ್ದರೆ ಗಾಡಿ ಕಟ್ಟಿಕೊಂಡು ಹೊರಡಿ, ಊರ ಬಾಗಿಲಲ್ಲಿ ಹಾಕಿರುವ ಬೋರ್ಡು ಓದಿಕೊಂಡು ಹೋಗಿ ಎಂದ. ಆ ಬೋರ್ಡಿನಲ್ಲಿ ನಮ್ಮಂಥವರು ಗಾಡಿ ನಿಲ್ಲಿಸಬಾರದು ಎಂದು ಬರೆದಿದೆ. ಸುತ್ತಲ ಎಲ್ಲ ಊರಿಗೂ ಅಂಥ ಬೋರ್ಡಿದೆ. ಕೊಯ್ಲು ಮುಗಿಯುವ ತನಕ ನಮ್ಮ ಗಾಡಿಗಳಿಗೆ ನಿಲ್ಲಲು ಜಾಗವಿದ್ದದ್ದು ಧಣಿಯ ಹುಲ್ಲುಗಾವಲೊಂದೇ. ನಮ್ಮ ಜುಟ್ಟು ಅವನ ಕೈಯಲ್ಲಿದ್ದದ್ದು ಹೀಗೆ.

ತಮ್ಮ ನೀರಿಲ್ಲದೆ ಮತ್ತೆ ಮಂಡಿಯೂರಿದ.

ಬಿಸಿಲು ಅದೇ ಅಂತೆ. ನಾವು ಹುಡುಗರಾಗಿದ್ದಾಗ ಕೊಯ್ಲೆಂದರೆ ಮಂಜು. ಕತ್ತರಿ ಹಿಡಿದ ಬೆರಳು ಸೆಟೆದುಕೊಳ್ಳುತ್ತಿದ್ದವು. ಸಾಲಿನ ತುದಿಯಲ್ಲಿ ಒಂದು ತಗಡಿನ ಪೀಪಾಯಿ ಇಟ್ಟು ಹಳೆಯ ಬಳ್ಳಿಯ ಬೊಡ್ಡೆ ಉರಿಸುತ್ತಿದ್ದರು. ನಡೆಯಲು ಬರದ ತಮ್ಮನನ್ನು ಅಮ್ಮ ಕಂಬಳಿ ಸುತ್ತಿ ಅದರ ಪಕ್ಕ ಕೂರಿಸುತ್ತಿದ್ದಳು. ಬಿಸಿಲು ಗುಡ್ಡ ಹತ್ತಿ ಬರುವುದನ್ನೇ ನಾವು ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆವು. ಮೊದಲು ಬಿಸಿಲು ಬೀಳುವ ಸಾಲು ನನಗೆ ನಿನಗೆ ಎಂದು ಜಗಳ. ಆಗಲೂ ಹೊಟ್ಟೆಗೆ ನೆಟ್ಟಗಿರಲಿಲ್ಲ, ಆಗಲೂ ಬೈಗುಳವಿತ್ತು. ಆದರೆ ಸೂರ್ಯ ನಮ್ಮ ಕಡೆಯವನಾಗಿದ್ದ. ಆ ಪೀಪಾಯಿ ತುಕ್ಕು ಹಿಡಿದು ಅಲ್ಲೇ ಬಿದ್ದಿದೆ. ಈಗ ಮಧ್ಯಾಹ್ನ ಅದನ್ನು ಮುಟ್ಟಿದರೆ ಒಳಗೆ ಬೆಂಕಿಯಿಲ್ಲದೆಯೂ ಬೊಬ್ಬೆ ಬರುತ್ತದೆ.

ಇದನ್ನೆಲ್ಲ ಎಲೆಯ ಸಂದಿಯಿಂದ ತಮ್ಮನಿಗೆ ಹೇಳುತ್ತ ಕೊಯ್ಯುತ್ತಿದ್ದೆ. ಅವನು ಹೂಂ ಹೂಂ ಎನ್ನುತ್ತಿದ್ದ. ಆಮೇಲೆ ಅವನ ಹೂಂ ನಿಂತಿತು. ದಣಿದಿದ್ದಾನೆ ಎಂದುಕೊಂಡೆ. ನಾನು ನಾಲ್ಕಾರು ಬಳ್ಳಿ ಮುಂದೆ ಹೋದ ಮೇಲೆ ಎದುರಿನ ಕತ್ತರಿಯ ಸದ್ದೂ ಇಲ್ಲವೆಂದು ಗೊತ್ತಾಯಿತು.

ಬಳ್ಳಿಯ ಕೆಳಗೆ ನುಸುಳಿ ಹೋಗಿ ನೋಡಿದರೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಮೈಯಲ್ಲಿ ಒಂದು ಹನಿ ಬೆವರಿಲ್ಲ. ಚರ್ಮ ಒಣಗಿ ಕೆಂಡವಾಗಿತ್ತು. ನನ್ನನ್ನು ನೋಡಿದ, ಗುರುತು ಹಿಡಿದನೋ ಇಲ್ಲವೋ.

"ಅಕ್ಕಾ, ಪೀಪಾಯಿಗೆ ಬೆಂಕಿ ಹಾಕೇ. ಮಂಜು ಬಿದ್ದದೆ."

ನಾನು ಓಡಿಹೋಗಿ ಕ್ರೇಟಿನ ಮೇಲಿದ್ದ ಬಿಳಿಯ ಬಟ್ಟೆ ಎಳೆದುಕೊಂಡು ಬಂದು ಅವನ ಮೇಲೆ ನೆರಳಿಗೆ ಹಿಡಿದೆ. ಬ್ರೀಸ್ ಬಂದವನು ಅದರ ಇನ್ನೊಂದು ತುದಿ ಹಿಡಿದ. ಸಹಾಯಕ್ಕೆ ಎಂದುಕೊಂಡೆ. ಅವನು ಕಿತ್ತುಕೊಂಡ.

"ಹಡಬಿಟ್ಟಿ ಮುಂಡೆ, ಹಣ್ಣು ಬೇಯ್ತಾ ಅದೆ ಅಲ್ಲಿ, ಗೊತ್ತಾಗಲ್ವಾ ನಿಂಗೆ?"

"ಇಲ್ಲಿ ಮನ್ಸ ಬೇಯ್ತಾವ್ನಲ್ಲೋ, ಬೋಳಿಮಗನೆ."

ನನ್ನ ಉಗುರು ಅವನ ಕೈಯಲ್ಲಿ ನೆಟ್ಟಿತು. ಬಟ್ಟೆ ಮಾತ್ರ ದ್ರಾಕ್ಷಿಗೇ ವಾಪಸ್ಸು ಹೋಯಿತು. ಆಂಬುಲೆನ್ಸ್ ಕರೆಸಿ ಎಂದು ಕೂಗಿದೆ. ಕರೆಸುತ್ತೇನೆ, ಮೊದಲು ಇವನನ್ನು ಗಾಡಿಯಲ್ಲಿ ಮಲಗಿಸಿ ಎಂದ ಧಣಿ. ಇಬ್ಬರು ಆಳುಗಳು ತಮ್ಮನನ್ನು ಹೊತ್ತುಕೊಂಡು ಹೋಗಿ ಅವನ ಮನೆಗಾಡಿಯಲ್ಲಿ ಹಾಕಿದರು. ಬೆಳಗಿನಿಂದ ಕಾದ ತಗಡಿನ ಗಾಡಿ. ಒಳಗೆ ಹೋದರೆ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಒದ್ದೆ ಬಟ್ಟೆ ಹಾಕಿದೆ, ಬೀಸಿದೆ, ಬೇಡಿಕೊಂಡೆ. ಆಂಬುಲೆನ್ಸ್ ಬಂದಾಗ ಅವನು ಹೋಗಿ ಆಗಿತ್ತು.

ಸಂಜೆಗೆ ಮುಂಚೆ ಧಣಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹುಲ್ಲುಗಾವಲಿಗೆ ಬಂದ. ನಮ್ಮಲ್ಲಿ ಹಿರಿಯ ಮಾಂಡೋ ಮಾವ. ಧಣಿ ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಅಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರನ್ನೂ ಮುಟ್ಟಿದ್ದಿಲ್ಲ.

"ಮಾಂಡೋ, ಪೊಲೀಸರು ಬರ್ತಿದಾರೆ. ಅವನು ಬೆಳಗ್ಗಿಂದ ಕುಡ್ಕೊಂಡು ಗಾಡಿಲೇ ಮಲಗಿದ್ದ, ಕೆಲಸಕ್ಕೆ ಬರಲಿಲ್ಲ ಅಂತ ನಾನು ಹೇಳ್ತೀನಿ. ನೀವೇನೂ ಹೇಳೋದು ಬೇಡ. ಸತ್ತವರ ಮಾತು ನೀವು ಆಡಲ್ಲ ಅನ್ನೋದು ನಂಗೆ ಚಿಕ್ಕಂದಿನಿಂದ ಗೊತ್ತಲ್ಲ. ನಿಮ್ಮ ಪದ್ಧತಿಗೆ ನಾನು ಮರ್ಯಾದೆ ಕೊಡ್ತೀನಿ."

ಗಾಡಿ ಸುಡುವುದಕ್ಕೆ ಹುಲ್ಲುಗಾವಲಿನ ಮೂಲೆ ಬಿಟ್ಟುಕೊಡುತ್ತೇನೆ ಎಂದ. ಮುಂದಿನ ಕೊಯ್ಲಿಗೂ ಜಾಗ ನಿಮ್ಮದೇ ಎಂದ. ಮಾವ ತಲೆ ತಗ್ಗಿಸಿದ. ಗಾಡಿಗಳ ಬಾಗಿಲಲ್ಲಿ ಕೂಸು ಎತ್ತಿಕೊಂಡು ನಿಂತ ಹೆಂಗಸರಿದ್ದರು, ಅವರನ್ನು ಕರೆದುಕೊಂಡು ಆ ಸಂಜೆ ಎಲ್ಲಿಗೆ ಹೋಗುವುದು? ನಾನು ಮಾವನನ್ನು ದೂರುವುದಿಲ್ಲ. ಧಣಿಯ ಮೇಲೆ ನನಗೆ ಬಂದ ಸಿಟ್ಟು ಬೇರೆ. ನನ್ನ ತಮ್ಮನನ್ನು ಕೊಂದವನು ನಮ್ಮ ಮೌನವನ್ನೂ ಕೂಲಿಗೆ ಇಟ್ಟುಕೊಳ್ಳಲು ಬಂದಿದ್ದ.

ಪೊಲೀಸರು ಬಂದರು, ಅಂಗಿಯ ಕಂಕುಳೆಲ್ಲ ಒದ್ದೆ. ಧಣಿ ಹೇಳಿದ್ದನ್ನು ಕೇಳಿದರು. ನಿಮ್ಮವರು ಇವತ್ತು ಕೆಲಸಕ್ಕೆ ಬಂದಿರಲಿಲ್ಲವಂತೆ, ನಿಜವೇ ಎಂದು ನಮ್ಮನ್ನೂ ಕೇಳಿದರು. ಒಬ್ಬರೂ ಉಸಿರೆತ್ತಲಿಲ್ಲ. ಧಣಿ ನಮ್ಮತ್ತ ನೋಡಿ ತಲೆದೂಗಿದ, ಮಕ್ಕಳು ಹೇಳಿದ ಮಾತು ಕೇಳಿದಾಗ ದೊಡ್ಡವರು ತಲೆಯಾಡಿಸುವ ಹಾಗೆ.

ನಾನು ಎದ್ದೆ. ನನ್ನ ಜೊತೆ ಬನ್ನಿ ಎಂದು ಪೊಲೀಸರಿಗೆ ಹೇಳಿ ತೋಟಕ್ಕೆ ನಡೆದೆ. ಪಾಪ, ದುಃಖದಲ್ಲಿದ್ದಾಳೆ ಎಂದ ಧಣಿ. ಆದರೂ ಹಿರಿಯ ಪೊಲೀಸು ಬಂದ, ಅವನ ಹಿಂದೆ ಧಣಿ, ಧಣಿಯ ಹಿಂದೆ ನಮ್ಮವರೂ.

ಅಕ್ಕಪಕ್ಕದ ಸಾಲುಗಳೆಲ್ಲ ಬೋಳಾಗಿದ್ದವು. ನಮ್ಮ ಸಾಲು ಹಾಗಿರಲಿಲ್ಲ. ನನ್ನ ಮಗ್ಗುಲು ನಾಲ್ಕಾರು ಬಳ್ಳಿ ಮುಂದಿನ ತನಕ ಬರಿದು. ತಮ್ಮನ ಮಗ್ಗುಲಲ್ಲಿ ಒಂದು ಬಳ್ಳಿಯ ಹತ್ತಿರ ಕೊಯ್ಲು ನಿಂತಿತ್ತು. ಅಲ್ಲಿಂದಾಚೆ ಗೊಂಚಲುಗಳು ಹಾಗೇ ತೂಗುತ್ತಿದ್ದವು. ಬಳ್ಳಿಯ ಬುಡದಲ್ಲಿ ಅರ್ಧ ತುಂಬಿದ ಬಕೆಟ್ಟು, ಅದರ ಪಕ್ಕ ಕತ್ತರಿ. ಈ ಸಾಲು ಮುಗಿಸಿ ಎಂದು ಬ್ರೀಸ್ ತಮ್ಮ ಹೋದ ಮೇಲೆ ಗಂಟಲು ಹರಿಯುವ ಹಾಗೆ ಕಿರುಚಿದ್ದ. ಸತ್ತವನು ಬಿಟ್ಟ ಕೆಲಸವೆಂದು ನಮ್ಮವರು ಯಾರೂ ಅತ್ತ ಹೆಜ್ಜೆಯಿಟ್ಟಿರಲಿಲ್ಲ. ಧಣಿಗೆ ನಮ್ಮ ಪದ್ಧತಿಯಲ್ಲಿ ತನಗೆ ಬೇಕಾದ ಅರ್ಧ ಮಾತ್ರ ನೆನಪಿತ್ತು.

ಪೊಲೀಸು ಬಕೆಟ್ಟು ನೋಡಿದ, ಧಣಿಯ ಮುಖ ನೋಡಿದ, ಹಣೆ ಒರೆಸಿಕೊಂಡ.

"ಇಲ್ಲಿ ನಿಲ್ಲೋಕಾಗಲ್ಲಮ್ಮ. ನಾವು ಚಿಕ್ಕೋರಿದ್ದಾಗ ಹಿಂಗಿರಲಿಲ್ಲ ಬಿಸಿಲು. ಬಾ, ಜೀಪಿನ ಹತ್ರ ನೆರಳಲ್ಲಿ ಮಾತಾಡಣ."

"ಇಲ್ಲ ಸಾಹೇಬ್ರೆ. ಇಲ್ಲೇ ನಿಂತು ಕೇಳಿ, ಇಲ್ಲೇ ನಿಂತು ಬರ್ಕಳಿ."

ಸಂಜೆಯ ಬಿಸಿಲು ನೇರ ಅವನ ಕಣ್ಣಿಗೆ ಹೊಡೆಯುತ್ತಿತ್ತು. ಧಣಿ ಟೋಪಿ ಹಾಕಿಕೊಂಡ. ಪೊಲೀಸು ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದ.

"ಸರಿ, ಹೇಳು. ಯಾರು ಕೊಯ್ತಿದ್ದಿದ್ದು ಇಲ್ಲಿ?"

ಮಾಂಡೋ ಮಾವ ನನ್ನ ತೋಳು ಹಿಡಿದ. "ಬೇಡ ಕಣವ್ವ. ಕರೀಬ್ಯಾಡ ಅವನ್ನ. ಹೋಗಿರೋನ್ಗೆ ನೋವಾಯ್ತದೆ" ಎಂದು ನಮ್ಮ ಮಾತಿನಲ್ಲಿ ಮೆಲ್ಲಗೆ ಹೇಳಿದ. ಹೆಸರು ಎತ್ತಿದರೆ ನಮ್ಮವರ ಒಲೆಯ ಮುಂದೆ ನನಗೆ ಮತ್ತೆ ಜಾಗ ಸಿಗಲಿಕ್ಕಿಲ್ಲ ಎಂದು ಗೊತ್ತಿತ್ತು. ಎತ್ತದಿದ್ದರೆ ಅವನು ಆ ದಿನ ಆ ಸಾಲಿನಲ್ಲಿ ಇರಲೇ ಇಲ್ಲ.

ಮಾವನ ಕೈ ಬಿಡಿಸಿಕೊಂಡೆ. ನಮ್ಮವರು ಒಬ್ಬೊಬ್ಬರಾಗಿ ನನಗೆ ಬೆನ್ನು ತಿರುಗಿಸಿ ನಿಂತರು. ಗುಡ್ಡದ ತುದಿಯವರೆಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ.

"ಸಾಮ್ಸೋನ್. ನನ್ನ ತಮ್ಮ ಸಾಮ್ಸೋನ್ ಝೀಗ್ಲರ್."