ಖಾಲಿ ಹೊಡೆತ

"ಬಿಡಿ ಅಂಕಲ್, ಅದನ್ನ ಮುಟ್ಟಬೇಡಿ," ಎನ್ನುತ್ತ ಮಗಳು ಗಾಳಿಬಂದೂಕನ್ನು ತನ್ನ ಕಡೆಗೆಳೆದಳು. ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ನಳಿಗೆ ಬಿಡಲಿಲ್ಲ. ಗುರಿಹಲಗೆಗಳ ಮುಂದೆ, ಉದ್ದನೆ ಬೆಂಚಿನ ಮೇಲೆ, ಅವಳ ಅಪ್ಪನ ಹೆಣ ಬಿಳಿಬಟ್ಟೆ ಹೊದ್ದು ಮಲಗಿತ್ತು.

"ಮೂವತ್ತು ವರ್ಷ ಸ್ಪ್ರಿಂಗ್ ಬಂದೂಕಲ್ಲೇ ಮಕ್ಕಳಿಗೆ ಗುರಿ ಕಲಿಸಿ ಸ್ಪ್ರಿಂಗ್ ಮೇಷ್ಟ್ರು ಅನ್ನಿಸ್ಕೊಂಡೋರು ಕಣಮ್ಮ. ಗೌರವಕ್ಕೆ ಮೂರು ಸಲ ಬಂದೂಕು ಹೊಡೆಸಿ ಕಳಿಸೋದು ಬೇಡ್ವಾ?"

"ಗುಂಡು ಹಾಕ್ತೀರಾ?"

"ಇಷ್ಟು ಜನರ ಮಧ್ಯೆ ಗುಂಡಾ! ಖಾಲೀನೇ."

"ಖಾಲಿ ಹೊಡೆದ್ರೆ ಬಂದೂಕು ಉಳಿಯಲ್ಲ. ಇರೋದು ಇದೊಂದೇ. ಇದು ಹೋದ್ರೆ ಮಕ್ಕಳ ಪಾಠಾನೂ ಮುಗೀತು."

ಸೋದರತ್ತೆ ಕೂತಲ್ಲಿಂದಲೇ ಬಾಯಿ ಹಾಕಿದಳು: "ಹೆತ್ತಪ್ಪನಿಗಿಂತ ಕಬ್ಬಿಣ ಹೆಚ್ಚಾಯ್ತೇನೆ? ಅವನೂ ಹಿಂಗೇ. ಮದುವೆ ದಿನ ಅಂಗೈ ತುಂಬ ಗ್ರೀಸ್ ಮೆತ್ಕೊಂಡು ಬಂದಿದ್ದ, ಮಹಾರಾಯ!"

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಎಲ್ಲರ ಕಣ್ಣೂ ತನ್ನ ಮೇಲೆ ನೆಟ್ಟಿದ್ದನ್ನು ಕಂಡು ಮಗಳ ಕೈ ಸಡಿಲವಾಯಿತು.

*

ಆ ಬಂದೂಕನ್ನು ಆರಿಸಿದ ದಿನ ಅವಳಿಗೆ ಹತ್ತು ವರ್ಷ. ಅಂಗಡಿಯವನು ಮಿರಮಿರ ಮಿಂಚುವ ನಾಲ್ಕನ್ನು ಹರಡಿ, "ಇದೇ ಎಲ್ಲಕ್ಕಿಂತ ಜೋರು, ಸಾರ್," ಎಂದ.

"ಜೋರು ಕಟ್ಕೊಂಡು ಏನ್ ಮಾಡ್ಲಿ? ಹೊಡೆಯೋರು ಮಕ್ಕಳು," ಎಂದ ಅಪ್ಪ, ಮೂಲೆಯಲ್ಲಿದ್ದ ಮಂಕು ಬಣ್ಣದ್ದೊಂದನ್ನು ಮಗಳ ಕೈಗಿತ್ತ. ಮರದ ಹಿಡಿ, ಉಕ್ಕಿನ ಮೈ. ಗುಂಡು ತುಂಬುವಂತೆ ಅವಳು ಹಲ್ಲುಕಚ್ಚಿ ನಳಿಗೆ ಮಡಚಿದಳು. ಒಳಗಿನ ಬಿಗಿ ಸ್ಪ್ರಿಂಗ್ ನಿಧಾನಕ್ಕೆ ಕುಗ್ಗಿತು.

"ಇದು ನಿನ್ನ ಮಕ್ಕಳ ಕಾಲಕ್ಕೂ ಬರುತ್ತೆ ಕಣೆ. ಗುಂಡಿಲ್ಲದೆ ಮಾತ್ರ ಟ್ರಿಗರ್ ಎಳೀಬೇಡ. ಗುಂಡಿದ್ರೆ ಗಾಳಿ ಮೆತ್ತೆ ಥರ ತಡೆಯುತ್ತೆ. ಇಲ್ದಿದ್ರೆ ಸ್ಪ್ರಿಂಗ್ ತಳ್ಳೋ ಪಿಸ್ಟನ್ ಗೋಡೆಗೆ ತಲೆ ಚಚ್ಕೊಂಡ ಹಾಗೆ, ಸ್ಪ್ರಿಂಗೇ ಮುರಿಯುತ್ತೆ."

ಅಂಥವು ಆರು ಬಂದವು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗ ಸಿಗದೆ ಐದು ಮೂಲೆ ಸೇರಿದವು. ಉಳಿದೊಂದನ್ನು ಅಪ್ಪ ಸಾಯುವ ಹಿಂದಿನ ದಿನವೂ ಎಣ್ಣೆಬಟ್ಟೆಯಲ್ಲಿ ಒರೆಸಿದ್ದ.

*

ಕಾರ್ಯದರ್ಶಿ ತಾನೇ ಬಂದೂಕನ್ನು ಆಕಾಶಕ್ಕೆ ಹಿಡಿದ. ಮೊದಲನೆಯದು ಟಪ್ಪೆಂದಿತು. ಎರಡನೆಯದಕ್ಕೆ ಒಳಗೇನೋ ಟಣಾರೆಂದಿತು. ಮೂರನೆಯದರಲ್ಲಿ ಬರೀ ಗರಗರ.

"ಎಂಥ ಮರ್ಯಾದೆ ಮಾಡಿದ್ರಪ್ಪ!" ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಬಂದೂಕು ಮಗಳ ಕೈಗೆ ಮರಳಿತು. ನಾಲ್ಕು ಜನ ಬೆಂಚು ಎತ್ತಿಕೊಂಡು ಗಾಡಿಯತ್ತ ನಡೆದರು. ಅವಳು ಬಂದೂಕನ್ನು ಗೋಡೆಗೊರಗಿಸಿ ಅವರ ಹಿಂದೆ ಹೊರಟಳು. ಪಾಠಕ್ಕೆ ಬರುತ್ತಿದ್ದ, ಗುಬ್ಬಿ ಎಂದೇ ಎಲ್ಲರೂ ಕರೆಯುವ ಏಳು ವರ್ಷದ ಹುಡುಗಿ ಅದರ ಹತ್ತಿರ ಬಂದಳು. ಒಂದು ವರ್ಷದಿಂದ ಎರಡೂ ಕೈ ಹಾಕಿ ಜೋತುಬಿದ್ದರೂ ಆ ನಳಿಗೆ ಅವಳಿಗೆ ಮಣಿದಿರಲಿಲ್ಲ.

"ಅಕ್ಕಾ! ಇಲ್ನೋಡಿ ಅಕ್ಕಾ!" ಗುಬ್ಬಿ ಕುಣಿಯುತ್ತ ಕೂಗಿದಳು. "ನಂಗೂ ಮಡಚೋಕೆ ಬಂತು! ಒಂದೇ ಬೆರಳಲ್ಲಿ ಬಂತು!"