ತಲೆಯ ಮೇಲಿನ ಸ್ಕಿಪ್ಪಿಂಗ್

ಯಡಿಯೂರಿನ ನಮ್ಮ ಮನೆಯ ಮೇಲಿನ ರೂಮಿಗೆ ಓರ್ಲಾ ಬಾಡಿಗೆಗೆ ಬಂದಾಗ ಐರ್ಲೆಂಡ್ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ. ಆ ದೇಶಕ್ಕೆ ಬ್ಯಾಡ್ಮಿಂಟನ್ ಆಡೋಳಂತೆ, ಕೋಚಿಂಗಿಗೆ ಇಲ್ಲಿಗೆ ಬಂದಿದ್ದಳು. ನನಗೆ ಗೊತ್ತಾಗಿದ್ದು ಒಂದೇ, ಬೆಳಗಿನ ಜಾವ ನನ್ನ ತಲೆಯ ಮೇಲೆ ಧಡ್ ಧಡ್ ಅಂತ ಸ್ಕಿಪ್ಪಿಂಗ್. ಎಷ್ಟು ಬೈದರೂ "ಸಾರಿ, ಅಕ್ಕಯಮ್ಮ ಆಂಟಿ" ಅನ್ನೋಳು, ಮಾರನೇ ದಿನ ಮತ್ತೆ ಅದೇ. "ರೂಮ್ ಖಾಲಿ ಮಾಡಿಸು" ಅಂತ ಮಗ ದಿನೇಶನಿಗೆ ಹೇಳ್ತಾ ಹೇಳ್ತಾನೇ ಎರಡು ವರ್ಷ ಕಳೀತು. ಅಷ್ಟರಲ್ಲಿ, ಹೋದಲ್ಲೆಲ್ಲ ಮೊದಲ ಸುತ್ತಲ್ಲೇ ಸೋತು ಬರ್ತಿದ್ದವಳು ಸೆಮಿಫೈನಲ್ ತನಕ ಆಡೋಕೆ ಶುರು ಮಾಡಿದ್ದಳು.

ಹೋದ ತಿಂಗಳು ಬೆಂಗಳೂರಲ್ಲೇ ಅವಳ ಮೊದಲ ಫೈನಲ್, ಅದೂ ಇಂಡಿಯಾದ ಹುಡುಗಿಯ ಎದುರು. ದಿನೇಶ್ ನನ್ನನ್ನೂ ಕರ್ಕೊಂಡು ಹೋದ. ಸ್ಟೇಡಿಯಂ ತುಂಬ "ಇಂಡಿಯಾ, ಇಂಡಿಯಾ" ಅನ್ನೋ ಕೂಗು. ಮೂರನೇ ಗೇಮಿನ ಹೊತ್ತಿಗೆ ಆ ಹುಡುಗಿ ಸುಸ್ತಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಓರ್ಲಾಳ ಕಾಲು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಅವಳು ಗೆದ್ದಾಗ ನಮ್ಮ ಸಾಲಲ್ಲಿ ಎದ್ದು ಚಪ್ಪಾಳೆ ತಟ್ಟಿದ್ದು ನಾನೊಬ್ಬಳೇ.

"ಅಮ್ಮ, ಕೂತ್ಕೋ. ಸೋತಿದ್ದು ನಮ್ಮವಳು," ಅಂತ ದಿನೇಶ್ ಸೆರಗು ಎಳೆದ.

"ಗೆದ್ದಿದ್ದೂ ನಮ್ಮವಳೇ. ಆ ಕಾಲಿನ ಶಕ್ತಿಯಲ್ಲಿ ನನ್ನ ಎರಡು ವರ್ಷದ ನಿದ್ದೆ ಇದೆ. ಸುಮ್ನಿರು."

ಮಾರನೇ ದಿನ ಬೆಳಗಿನ ಜಾವ ಮೇಲಿಂದ ಸದ್ದೇ ಇಲ್ಲ. ಸ್ವಲ್ಪ ಹೊತ್ತು ಸೂರು ನೋಡ್ತಾ ಮಲಗಿದ್ದೆ. ನಿದ್ದೆ ಬರಲಿಲ್ಲ. ಎದ್ದು ಮೆಟ್ಟಿಲು ಹತ್ತಿ ಅವಳ ಬಾಗಿಲು ಬಡಿದೆ.

"ಏನಮ್ಮ, ಒಂದು ಕಪ್ ಗೆದ್ದಿದ್ದಕ್ಕೇ ಸಾಕಾಯ್ತಾ? ಹಗ್ಗ ತಗೋ."