ಹಾಳೆಯಲ್ಲಿಲ್ಲದ ಸಾಲು

ಅವಳ ಕೆಲಸ ಪುಸ್ತಕ ಓದುವುದು. ಮನಸ್ಸಿನಲ್ಲೇ ಓದಿಕೊಂಡರೆ ಯಾರೂ ಸಂಬಳ ಕೊಡುವುದಿಲ್ಲ. ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ಕೂತು ಗಟ್ಟಿಯಾಗಿ ಓದಬೇಕು. ಅದನ್ನು ರೆಕಾರ್ಡ್ ಮಾಡಿ, ಫೋನಿನಲ್ಲಿ ಪುಸ್ತಕ ಕೇಳುವವರಿಗೆ ಮಾರುತ್ತಾರೆ. ಒಳಗೆ ಹೋಗುವ ಮುಂಚೆ ಬಳೆ ಬಿಚ್ಚಿಡಬೇಕು. ಹಸಿದ ಹೊಟ್ಟೆಯಲ್ಲಿ ಕೂರಬಾರದು, ಯಾಕೆಂದರೆ ಹೊಟ್ಟೆ ಗುರ್ರೆಂದರೆ ಅದೂ ಪುಸ್ತಕದೊಳಗೆ ಸೇರಿಕೊಳ್ಳುತ್ತದೆ. ಗಾಜಿನಾಚೆ ಕೂತು ರೆಕಾರ್ಡಿಂಗ್ ನೋಡಿಕೊಳ್ಳುವವನನ್ನು ಎಲ್ಲರೂ ಕಿವಿರಾಯ ಎನ್ನುತ್ತಿದ್ದರು. ಸೊಳ್ಳೆ ಹಾರಿದರೂ ಕೈ ಎತ್ತಿ ನಿಲ್ಲಿಸುವ ಮನುಷ್ಯ.

ಓದಲು ಕಥೆ, ಕಾದಂಬರಿ ಬರುವುದು ಅಪರೂಪ. ಬರುವುದೆಲ್ಲ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳೇ, ಅವುಗಳಲ್ಲೂ ಹೆಚ್ಚಿನವು ಒಬ್ಬರೇ ಲೇಖಕರವು. ಆ ಮಹನೀಯರು ದೊಡ್ಡ ಭಾಷಣಕಾರರು. ಭಾಷಣ ಮಾಡಿದ್ದನ್ನು ಪುಸ್ತಕ ಮಾಡುತ್ತಾರೆ, ಪುಸ್ತಕದಲ್ಲಿದ್ದದ್ದನ್ನು ಮತ್ತೆ ಭಾಷಣ ಮಾಡುತ್ತಾರೆ. ಬೇಗ ಏಳಿ, ಗುರಿ ಇಟ್ಟುಕೊಳ್ಳಿ, ನಾಳೆಗೆ ಮುಂದೂಡಬೇಡಿ. ಇದನ್ನೆಲ್ಲ ಅವಳ ಅಜ್ಜಿ ಪಾತ್ರೆ ತೊಳೆಯುತ್ತ ಪುಕ್ಕಟೆಯಾಗಿ ಹೇಳುತ್ತಿದ್ದಳು. ಯಾರೂ ಎದ್ದು ನಿಂತು ಚಪ್ಪಾಳೆ ತಟ್ಟಲಿಲ್ಲ.

"ಅನುಮಾನ ಅಂದ್ರೇನು ಅಂತಾನೇ ಗೊತ್ತಿಲ್ಲದವರ ಥರ ಓದಿ ಅಕ್ಕಾ," ಎಂದು ಕಿವಿರಾಯ ಮೊದಲ ದಿನವೇ ಹೇಳಿಕೊಟ್ಟಿದ್ದ. ಅವಳು ಹಾಗೇ ಓದುತ್ತಿದ್ದಳು. ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು.

ನಂಬಿದವರಲ್ಲಿ ಮೊದಲಿಗ ಅವಳ ಗಂಡ. ಅವನು ಕಾರ್ಖಾನೆಯ ಬಸ್ಸಿನ ಡ್ರೈವರು. ಬೆಳಗ್ಗೆ ಕೆಲಸಗಾರರನ್ನು ಕರೆದೊಯ್ದು ಸಂಜೆ ಅವರವರ ಮನೆ ಹತ್ತಿರ ಇಳಿಸುವವನು. ಹೆಂಡತಿಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಆಸಾಮಿ, ಅದೇ ಹೆಂಡತಿಯ ದನಿ ಇಯರ್‌ಫೋನಿನಲ್ಲಿ ಬಂದರೆ ಮಾತ್ರ ಪರಮ ಶಿಷ್ಯ. ನೀರು ಹೆಚ್ಚು ಕುಡೀರಿ ಎಂದು ಅವಳು ಮದುವೆಯಾದಾಗಿನಿಂದ ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು. ಪುಸ್ತಕದಲ್ಲಿ ಕೇಳಿದ ಮರುದಿನ ಎದ್ದವನೇ ದೊಡ್ಡ ಚೊಂಬು ಖಾಲಿ ಮಾಡಿದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದೇ ಗಿಡವನ್ನು ಡಬ್ಬಿಗೆ ಹಾಕಿ ಅಂಗಡಿಯಲ್ಲಿಟ್ಟರೆ ಮದ್ದಾಗುತ್ತದೆ. ಅವಳಿಗೆ ನಗು ಬರುತ್ತಿತ್ತು, ಕಣ್ಣಿನ ವಿಷಯ ಬರುವವರೆಗೆ.

ಒಂದು ದಿನ ಅವನು ಚಹಾವನ್ನು ಲೋಟದ ಪಕ್ಕಕ್ಕೆ ಸುರಿದ. ಇಬ್ಬರೂ ನಕ್ಕರು. ಆಮೇಲೆ ಎದುರುಮನೆಯವರು ಕೈ ಬೀಸಿದರೂ ನೋಡದೆ ಹೋದ. ಸೊಕ್ಕು ಬಂದಿದೆ ಎಂದು ಅವರು ಮುಖ ತಿರುಗಿಸಿದರು. ಸಂಜೆ ಎದುರು ಬರುವ ಗಾಡಿಗಳ ದೀಪದ ಸುತ್ತ ಹೊಗೆ ಕವಿದ ಹಾಗಿರುತ್ತದೆ ಎಂದು ಅವನೇ ಬಾಯಿ ತಪ್ಪಿ ಹೇಳಿದ. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯೇನೋ ಇತ್ತು. ಸಾಲಿನಲ್ಲಿ ಮುಂದಿದ್ದವರು ಗೋಡೆಯ ಮೇಲಿನ ಅಕ್ಷರ ಓದುವಾಗ ಕೇಳಿಸಿಕೊಂಡು, ಬಾಯಿಪಾಠ ಮಾಡಿ ಒಪ್ಪಿಸಿ ಪಾಸಾಗಿದ್ದ. ಅದನ್ನು ಊಟಕ್ಕೆ ಕೂತಾಗ ಹೆಮ್ಮೆಯಿಂದಲೇ ಹೇಳಿಕೊಂಡಿದ್ದ.

"ರೀ, ಕಣ್ಣಿನ ಡಾಕ್ಟರ ಹತ್ರ ಒಂದ್ಸಲ ಹೋಗಿ ಬರೋಣ," ಎಂದಳು ಅವಳು. ಅವನು ಕೆನ್ನೆಗೆ ನೊರೆ ಹಚ್ಚುತ್ತಿದ್ದ.

"ನನ್ನ ಕಣ್ಣಿಗೆ ಏನಾಗಿದೆ?"

"ಬಸ್ಸಿನ ತುಂಬ ಜನ ಇರ್ತಾರೆ. ಏನಾದ್ರೂ ಆದ್ರೆ?"

ಅವನು ಬ್ರಶ್ಶು ಕೆಳಗಿಟ್ಟ. "'ನಿನ್ನ ಶಕ್ತಿಯನ್ನು ಅನುಮಾನಿಸುವವರು ನಿನ್ನ ಮನೆಯಲ್ಲೇ ಇರುತ್ತಾರೆ. ಅವರ ಮಾತಿಗೆ ಕಿವುಡಾಗು.' ಇದನ್ನ ಹೇಳಿದ್ಯಾರು?"

"ಅದು ಪುಸ್ತಕದಲ್ಲಿರೋದು."

"ಪುಸ್ತಕಕ್ಕೆ ಬಾಯಿದೆಯಾ? ನೀನೇ ಕಣೇ ಹೇಳಿದ್ದು. ದಿನಾ ಕೇಳ್ತೀನಿ ನಾನು."

ಹೇಳಿದ್ದು ಅವಳೇ. ಆ ಸಾಲನ್ನು ಒಂದೇ ಸಲಕ್ಕೆ ಸರಿಯಾಗಿ ಓದಿದ್ದಕ್ಕೆ ಕಿವಿರಾಯನಿಂದ ಶಹಬ್ಬಾಸ್ ಬೇರೆ ಸಿಕ್ಕಿತ್ತು. ಈಗ ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಹಾಗಾಯಿತು. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಭಯವಾಯಿತು. ಅವನ ಭಯವೂ ಅವಳಿಗೆ ಗೊತ್ತಿತ್ತು: ಕಣ್ಣು ಸರಿಯಿಲ್ಲವೆಂದರೆ ಸ್ಟೇರಿಂಗು ಕಸಿದುಕೊಳ್ಳುತ್ತಾರೆ, ಅದು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬರುವುದಿಲ್ಲ. ಕಾರ್ಖಾನೆಗೆ ತಾನೇ ಹೋಗಿ ಹೇಳಿಬಿಡಲೇ ಎಂದೂ ಯೋಚಿಸಿದಳು. ಹೇಳಿದರೆ ಮತ್ತೆ ಅವನು ಈ ಮನೆಯಲ್ಲಿ ತಲೆಯೆತ್ತಿ ಕೂರುವುದಿಲ್ಲ ಅನ್ನಿಸಿತು.

ಅದೇ ವಾರ ಲೇಖಕರು ಹೊಸ ಪುಸ್ತಕದ ಮುನ್ನುಡಿಯನ್ನು ಸ್ವಂತ ದನಿಯಲ್ಲಿ ಓದಲು ಸ್ಟುಡಿಯೋಕ್ಕೆ ಬಂದರು. ಸಣ್ಣಗೆ ಮಾತಾಡುವ, ಎಲ್ಲರಿಗೂ ಕೈ ಮುಗಿಯುವ ಮನುಷ್ಯ. ಅವಳು ಧೈರ್ಯ ಮಾಡಿ ಕೇಳಿದಳು.

"ಸರ್, ಅನುಮಾನ ಪಡೋರ ಮಾತು ಕೇಳ್ಬೇಡಿ ಅಂತ ಬರ್ದಿದ್ದೀರಿ. ಅವರು ಹೇಳೋದು ನಿಜ ಆಗಿದ್ರೆ?"

"ಒಳ್ಳೆ ಪ್ರಶ್ನೆ ಕೇಳಿದ್ರಿ ತಾಯಿ. ಇದಕ್ಕೊಂದು ಪುಸ್ತಕವನ್ನೇ ಬರೀಬಹುದು," ಎಂದು ಲೇಖಕರು ನಕ್ಕು, ನೀರು ಕುಡಿದು ಹೊರಟರು. ಪಾಪ, ಅವರಾದರೂ ಏನು ಮಾಡಿಯಾರು? ಅವರು ಬರೆಯುವುದು ಊರಿಗೆಲ್ಲ, ಅವಳಿಗೆ ಬೇಕಾದದ್ದು ಒಬ್ಬನಿಗೆ.

ಹೊಸ ಪುಸ್ತಕದ ಐದನೆಯ ಅಧ್ಯಾಯದಲ್ಲಿ ಒಂದು ಸಾಲಿತ್ತು: "ದಾರಿ ಕಾಣದಿದ್ದರೂ ನಿಲ್ಲಬೇಡ, ನುಗ್ಗು." ಅಲ್ಲಿಗೆ ಬಂದಾಗ ಅವಳು ತಡೆದಳು. ನೀರು ಕುಡಿದಳು. ಮತ್ತೆ ಶುರು ಮಾಡಿ ಆ ಸಾಲನ್ನು ಓದಿದಳು, ಓದಿ ನಿಲ್ಲಿಸಲಿಲ್ಲ. "ಆದರೆ ಕಣ್ಣೇ ಮಂಜಾಗಿದ್ದರೆ ಮೊದಲು ನಿಲ್ಲು. ಹೋಗಿ ತೋರಿಸಿಕೋ. ನಿನ್ನ ಹಿಂದೆ ಕೂತವರು ನಿನ್ನನ್ನು ನಂಬಿ ನಿದ್ದೆ ಮಾಡುತ್ತಿರುತ್ತಾರೆ."

ಕಿವಿರಾಯ ಕೈ ಎತ್ತಿದ. "ಅಕ್ಕಾ, ಇದು ಹಾಳೆಯಲ್ಲಿಲ್ಲ."

"ಬರೆಯೋದು ಮರೆತಿರ್ಬೇಕು."

ಅವನು ರೆಕಾರ್ಡಿಂಗನ್ನು ಹಿಂದಕ್ಕೆ ತಿರುಗಿಸಿ ಅದನ್ನು ಮತ್ತೊಮ್ಮೆ ಕೇಳಿದ. ಗಾಜಿನಾಚೆಯಿಂದ ಅವಳ ಮುಖ ನೋಡಿದ. "ಇರ್ಲಿ ಬಿಡಿ. ತಮ್ಮ ಪುಸ್ತಕಾನ ತಾವೇ ಕೂತು ಕೇಳೋ ಲೇಖಕರನ್ನ ನಾನಂತೂ ನೋಡಿಲ್ಲ," ಎಂದು ಮುಂದಿನ ಪುಟಕ್ಕೆ ಸನ್ನೆ ಮಾಡಿದ.

ಪುಸ್ತಕ ಹೊರಬಂದ ಮೇಲೆ ಅವಳು ದಿನವೂ ಅವನ ಮುಖವನ್ನೇ ಗಮನಿಸುತ್ತಿದ್ದಳು. ಗಂಡ ದಿನಕ್ಕೆ ಒಂದಿಷ್ಟರಂತೆ ಕೇಳುತ್ತ ಬಂದ. ಒಂದು ರಜೆಯ ದಿನ ಅವನು ಶೂಗೆ ಪಾಲಿಶ್ ಹಾಕುತ್ತಿದ್ದಾಗ ಕೈ ನಿಂತಿತು. ಫೋನು ಒತ್ತಿ ಹಿಂದಕ್ಕೆ ಹೋದ, ಕೇಳಿದ. ಇನ್ನೊಮ್ಮೆ ಕೇಳಿದ. ಇಯರ್‌ಫೋನು ತೆಗೆದು ಅಡುಗೆಮನೆಯ ಬಾಗಿಲಿಗೆ ಬಂದ.

"ಇದು ಅವರ ಮಾತಲ್ಲ."

"ಪುಸ್ತಕದಲ್ಲಿ ಇದ್ದದ್ದನ್ನೇ ಓದಿದ್ದು," ಎಂದಳು, ಅವನ ಕಡೆ ನೋಡದೆ.

"ಸುಳ್ಳು ಹೇಳ್ಬೇಡ. ನಿನ್ನ ಬಾಯಲ್ಲಿ ಅವರು ಯಾವತ್ತೂ ಹೆದರಿಲ್ಲ. ಇಲ್ಲಿ ಹೆದರಿದ್ದಾರೆ."

ಅವಳು ಒಲೆ ಆರಿಸಿದಳು. "ಹೌದು. ನಂಗೆ ಹೆದರಿಕೆ ಆಗುತ್ತೆ. ನೀವು ಬಸ್ಸು ಹತ್ತಿದಾಗಿನಿಂದ ಮನೆಗೆ ಬರೋವರೆಗೂ ಆಗುತ್ತೆ."

"ಮನೇಲಿ ಹೇಳುವಾಗ ಬೈದ ಹಾಗೆ ಇರ್ತಿತ್ತಲ್ಲ."

"ಹೆದರಿದಾಗ ನಂಗೆ ಬೈಯೋಕೆ ಮಾತ್ರ ಬರುತ್ತೆ."

ಅವನು ಶೂಗಳ ಹತ್ತಿರ ಹೋದ. ಒಂದು ಶೂಗೆ ಪಾಲಿಶ್ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಹಾಗೇ ಎರಡನ್ನೂ ಹಾಕಿಕೊಂಡ. ಕಣ್ಣಾಸ್ಪತ್ರೆ ಇವತ್ತು ತೆರೆದಿರುತ್ತದೆಯೇ ಎಂದು ಕೇಳಿದ. ಇರುತ್ತದೆ ಎಂದು ಅವಳು ಚಪ್ಪಲಿ ಮೆಟ್ಟಿದಳು.

ನಿಲ್ದಾಣದಲ್ಲಿ ಹತ್ತಾರು ಜನ ಕಾಯುತ್ತಿದ್ದರು. ಡ್ರೈವರಣ್ಣ ಇವತ್ತು ಪ್ಯಾಸೆಂಜರೋ ಎಂದು ಗುರುತಿನವರೊಬ್ಬರು ತಮಾಷೆ ಮಾಡಿದರು. ದನಿ ಬಂದ ಕಡೆ ತಿರುಗಿ ಅವನು ನಕ್ಕ. ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಜನ ಬಾಗಿಲ ಕಡೆ ನುಗ್ಗಿದರು. ಅವನು ಅವಳ ಕಡೆ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ, "ಬೋರ್ಡು ನೀನೇ ಓದು," ಎಂದ. ಬಸ್ಸು ಅವರ ಎದುರಿಗೇ ನಿಂತಿತ್ತು.